ಬಿಳಿ ಮಣಿ ಕಾಣುವವರೆಗೆ

ನನ್ನ ತಮ್ಮನ ತೊಡೆಯಿಂದ ಕೊಯ್ದು ತೆಗೆದ ಮಾಂಸದ ತುಣುಕು ಒಂದು ಶೇಂಗಾ ಬೀಜದಷ್ಟಿತ್ತು. ಅದನ್ನು ಹಾಳು ಮಾಡಿದವನು ನಾನು. ಆವತ್ತು ಯಂತ್ರ ಕೆಟ್ಟಿರಲಿಲ್ಲ, ಕರೆಂಟು ಹೋಗಿರಲಿಲ್ಲ, ಕೊಯ್ದ ಡಾಕ್ಟರ ಕೈಯೂ ನಡುಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ತಪ್ಪು ಒಪ್ಪಿಕೊಳ್ಳಲು ಕೂತವನು ಮೊದಲ ಅರ್ಧ ಗಂಟೆ ಊರವರ ತಪ್ಪುಗಳನ್ನೆಲ್ಲ ಎಣಿಸುತ್ತಾನೆ, ಅಷ್ಟರಲ್ಲಿ ಟೀ ಬರುತ್ತದೆ, ತನ್ನದು ಮರೆತುಹೋಗುತ್ತದೆ. ಆ ಚಟ ನನಗೂ ಇದೆ.

ನಾನು ಓದಿದ್ದು ಏಳನೇ ಕ್ಲಾಸು. ಹದಿನೆಂಟು ವರ್ಷದಿಂದ ಹರಿಹರ ತಾಲ್ಲೂಕಿನ ಪಶು ಆಸ್ಪತ್ರೆಗಳಿಗೆ ದ್ರವ ನೈಟ್ರೋಜನ್ ಮುಟ್ಟಿಸುವ ಗಾಡಿಯಲ್ಲಿ ಕೆಲಸ. ಹಸು ಎಮ್ಮೆಗಳಿಗೆ ಗರ್ಭ ಕಟ್ಟಿಸಲು ಹೋರಿಯ ವೀರ್ಯವನ್ನು ತೆಳ್ಳನೆಯ ಪ್ಲಾಸ್ಟಿಕ್ ಕಡ್ಡಿಗಳಲ್ಲಿ ತುಂಬಿ ಈ ನೈಟ್ರೋಜನ್ನಿನಲ್ಲಿ ಮುಳುಗಿಸಿ ಇಟ್ಟಿರುತ್ತಾರೆ. ನೋಡಲು ನೀರಿನಂತಿದ್ದರೂ ಸೊನ್ನೆಗಿಂತ ನೂರಾ ತೊಂಬತ್ತಾರು ಡಿಗ್ರಿ ಕೆಳಗೆ ಇರುವ ಪದಾರ್ಥ ಅದು. ಕ್ಯಾನಿನಲ್ಲಿ ಎಷ್ಟು ಉಳಿದಿದೆ ಎಂದು ನೋಡಲು ಮರದ ಕೋಲು ಇಳಿಸಿ ಎತ್ತಬೇಕು, ಕೋಲಿನ ಮೇಲೆ ಎಲ್ಲಿಯವರೆಗೆ ಮಂಜು ಹಿಡಿಯಿತೋ ಅದೇ ಲೆಕ್ಕ. ಕಡ್ಡಿಗಳನ್ನು ಕ್ಯಾನಿನ ಕತ್ತು ದಾಟಿಸಿ ಐದಾರು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿಯಬಾರದು. ಇಷ್ಟೇ ನನ್ನ ವಿದ್ಯೆ. ಇಷ್ಟನ್ನು ಹದಿನೆಂಟು ವರ್ಷ ಮಾಡಿದ್ದಕ್ಕೆ ಚಳಿಯ ವಿಷಯದಲ್ಲಿ ಜಿಲ್ಲೆಗೇ ನಾನೊಬ್ಬ ಪಂಡಿತ ಎಂದು ತಿಳಿದಿದ್ದೆ.

ಸ್ನಾಯುಗಳ ಮೇಲೆ ಸಂಶೋಧನೆ ಮಾಡುವ ಒಬ್ಬ ಮೇಡಂ ನಮ್ಮ ಹರಿಹರದ ಗೋದಾಮಿಗೆ ಬಂದಾಗ ಮೂವತ್ತೂ ತುಂಬಿರಲಿಲ್ಲ. ಸ್ಕೂಟಿಯ ಮುಂದೆ ಒಂದು ಸಣ್ಣ ಖಾಲಿ ಕ್ಯಾನು ಕಟ್ಟಿಕೊಂಡು ಬಂದು ನೈಟ್ರೋಜನ್ ಬೇಕು ಎಂದರು. ಗೋದಾಮಿನಲ್ಲಿ ನಾಲ್ಕು ಜನ ಇದ್ದೆವು. ನಾಲ್ಕು ಜನ ಇದ್ದಾಗ ನನ್ನ ನಾಲಿಗೆಗೆ ಬೆನ್ನೆಲುಬು ಬರುತ್ತದೆ.

"ಯಾವ ತಳಿ ಬೇಕ್ರಿ ಮೇಡಂ? ಜರ್ಸಿನೋ, ಮುರ್ರಾನೋ?"

ಎಲ್ಲರೂ ನಕ್ಕರು. ಆಕೆಯೂ ನಕ್ಕರು. "ನಂದು ಮನುಷ್ಯರ ಕೆಲಸ ರೀ ಅಣ್ಣಾರೆ. ಕಡ್ಡಿ ನೀವೇ ಇಟ್ಕಳ್ರಿ, ಬರೀ ನೈಟ್ರೋಜನ್ ಕೊಡ್ರಿ."

ನಮ್ಮ ಮೇಲಿನವರು ಕಾಗದಪತ್ರ ನೋಡಿ ಒಪ್ಪಿದರು. ವಾರಕ್ಕೆ ಮೂರು ದಿನ ಮಧ್ಯಾಹ್ನದ ಮೇಲೆ ನಾನು ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿದ್ದ ಅವರ ಪ್ರಯೋಗಾಲಯಕ್ಕೆ ಕ್ಯಾನು ಒಯ್ದು, ಅಲ್ಲಿಯ ಚಳಿಯ ಕೆಲಸಕ್ಕೆ ಕೈ ಜೋಡಿಸುವುದು ಎಂದಾಯಿತು. ಪ್ರಯೋಗಾಲಯ ಎಂದರೆ ಒಂದು ಮನೆಯ ನೆಲ ಅಂತಸ್ತು. ಅಡುಗೆ ಕಟ್ಟೆಯ ಮೇಲೆ ಸೂಕ್ಷ್ಮದರ್ಶಕ, ದೇವರ ಕೋಣೆಯಲ್ಲಿ ಮಾಂಸವನ್ನು ಕೂದಲಿಗಿಂತ ತೆಳ್ಳಗೆ ಸೀಳುವ ತಣ್ಣನೆಯ ಯಂತ್ರ. ಇದೇನು ಸಂಶೋಧನೆಯೋ ಎಂದು ಮೂಗು ಮುರಿದೆ.

ಅವರ ಕೆಲಸ ಏನೆಂದು ಅವರೇ ನನಗೆ ಬಿಡಿಸಿ ಹೇಳಿದ್ದರು. ಸ್ನಾಯುವಿನ ಒಂದೊಂದು ಎಳೆಯ ಅಂಚಿಗೂ ಕೆಲವು ಜೀವಕೋಶಗಳು ಸುಮ್ಮನೆ ಅಂಟಿಕೊಂಡು ಮಲಗಿರುತ್ತವೆ. ಎಳೆ ಹರಿದರೆ ಎದ್ದು, ಹೆಚ್ಚಿಕೊಂಡು, ರಿಪೇರಿ ಮಾಡುತ್ತವೆ. ವಯಸ್ಸಾದವರಲ್ಲಿ ಅವು ತಡವಾಗಿ ಏಳುತ್ತವೆ. ಸ್ನಾಯು ಕರಗುವ ಕಾಯಿಲೆ ಬಂದವರಲ್ಲಿ ದಿನವೂ ಎದ್ದೆದ್ದು ಕೊನೆಗೆ ಸೋಲುತ್ತವೆ. ಮೂಳೆ ಮುರಿದು ಆಪರೇಷನ್ನಿಗೆ ಬಂದ ಹುಡುಗರು, ಸೊಂಟ ಮುರಿದುಕೊಂಡ ಮುದುಕರು, ಕಾಯಿಲೆಯವರು, ಇವರೆಲ್ಲರ ಒಪ್ಪಿಗೆ ಪಡೆದು ಒಂದೊಂದು ತುಣುಕು ತಂದು ಹೋಲಿಸಿ ನೋಡುವುದು ಅವರ ಕೆಲಸ. ಕಾಯಿಲೆಯವರ ತುಣುಕು ಸಂಶೋಧನೆಗೆ ಮಾತ್ರವಲ್ಲ, ಅವರಿಗೆ ಬಂದಿರುವುದು ಯಾವ ಕಾಯಿಲೆ ಎಂದು ತೀರ್ಮಾನಿಸಲೂ ಅದೇ ಬೇಕು.

ಸೀಳುವ ಮೊದಲು ತುಣುಕನ್ನು ಹೆಪ್ಪುಗಟ್ಟಿಸುವುದು ನನ್ನ ಪಾಲಿಗೆ ಬಂತು. ಅದಕ್ಕೆ ಒಂದು ಕ್ರಮ. ಸ್ಟೀಲ್ ಲೋಟದಲ್ಲಿ ಐಸೋಪೆಂಟೇನ್ ಎಂಬ ಪೆಟ್ರೋಲ್ ವಾಸನೆಯ ದ್ರವ ಸುರಿದು, ಲೋಟವನ್ನು ನೈಟ್ರೋಜನ್ನಿನೊಳಗೆ ಅರ್ಧ ಇಳಿಸಿ ಕಡ್ಡಿಯಿಂದ ಕಲಕುತ್ತಿರಬೇಕು. ನಾಲ್ಕೈದು ನಿಮಿಷಕ್ಕೆ ಲೋಟದ ತಳದಲ್ಲಿ ಸಾಬೂದಾನಿಯಂಥ ಬಿಳಿ ಮಣಿಗಳು ಏಳುತ್ತವೆ. ಆಗ ತುಣುಕನ್ನು ಲೋಟದೊಳಗೆ ಅದ್ದಿ ಹದಿನೈದು ಎಣಿಸಬೇಕು. ಮಣಿ ಏಳುವ ಮೊದಲು ಅದ್ದಬಾರದು. ಮರೆತು ಬಿಟ್ಟರೆ ಲೋಟವೆಲ್ಲ ಕಲ್ಲಾಗುತ್ತದೆ, ಮೇಲೆತ್ತಿ ಕರಗಿಸಿ ಮತ್ತೆ ಮೊದಲಿನಿಂದ ಮಾಡಬೇಕು.

"ಇಷ್ಟೆಲ್ಲ ಯಾಕ್ರಿ ಮೇಡಂ? ಸೀದಾ ನೈಟ್ರೋಜನ್‌ಗೇ ಹಾಕಿದ್ರೆ ಇನ್ನೂ ತಣ್ಣಗಾಗಲ್ವಾ?"

"ಬಿಸಿ ಕಾವಲಿ ಮೇಲೆ ನೀರು ಚಿಮುಕಿಸಿದ್ರೆ ಹನಿ ಕುಣೀತೈತಲ್ಲ, ನೋಡೀರಾ? ಕೆಳಗೆ ಆವಿ ಎದ್ದು ಹನಿನ ಎತ್ತಿ ಹಿಡಿದಿರ್ತೈತೆ, ಕಾವಲಿ ಮುಟ್ಟಾಕೇ ಬಿಡಲ್ಲ. ನೈಟ್ರೋಜನ್‌ಗೆ ನಮ್ಮ ಮಾಂಸನೇ ಕಾದ ಕಾವಲಿ. ಸುತ್ತ ಆವಿ ಕಟ್ಕಂತೈತೆ, ಚಳಿ ಒಳಗೆ ಹೋಗೋದು ನಿಧಾನ ಆಗ್ತೈತೆ. ಅಷ್ಟರಾಗೆ ಒಳಗಿನ ನೀರು ಸೂಜಿ ಸೂಜಿ ಮಂಜಾಗಿ ಎಳೆ ಎಲ್ಲ ತೂತು ಮಾಡಿಬಿಡ್ತೈತೆ."

ಬೆಣ್ಣೆ ದೋಸೆಯ ಊರಲ್ಲಿ ಹುಟ್ಟಿದವನಿಗೆ ಕಾವಲಿಯ ಉದಾಹರಣೆ ಅರ್ಥವಾಗದೆ ಇರುತ್ತದೆಯೇ? ಅರ್ಥವಾಯಿತು, ನಂಬಲಿಲ್ಲ. ಪುಸ್ತಕ ಓದಿದ ಹುಡುಗಿ, ಕಷ್ಟ ಮಾಡಿಕೊಂಡರೇನೇ ಇವರಿಗೆ ವಿಜ್ಞಾನ ಎಂದುಕೊಂಡೆ. ಆದರೂ ಹೇಳಿದಂತೆ ಮಾಡಿದೆ. ಇಪ್ಪತ್ತೆರಡು ತುಣುಕು, ಇಪ್ಪತ್ತೆರಡೂ ಸರಿಯಾಗಿ. ಕಂಡವರ ಮಾಂಸವನ್ನೆಲ್ಲ ಜೋಪಾನ ಮಾಡಿದ್ದೇನೆ. ಹಾಳಾದದ್ದು ಇಪ್ಪತ್ತಮೂರನೆಯದು.

ಇನ್ನು ತಮ್ಮನ ವಿಷಯ. ನನಗಿಂತ ಹನ್ನೊಂದು ವರ್ಷ ಚಿಕ್ಕವನು. ದಾವಣಗೆರೆಯ ವಿನೋಬನಗರದಲ್ಲಿ ನಾನು ಕೆಳಗೆ, ಅವನು ಹೆಂಡತಿಯ ಜೊತೆ ಮಾಳಿಗೆಯ ಒಂದು ಕೋಣೆಯಲ್ಲಿ. ಅಕ್ಕಿ ಹುರಿದು ಮಂಡಕ್ಕಿ ಮಾಡುವ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದ. ಎರಡು ವರ್ಷದಿಂದ ಅವನ ಕೆಲಸ ಇಳಿಯುತ್ತ ಬಂದಿತ್ತು. ಮೊದಲು ಅಕ್ಕಿ ಮೂಟೆ ಬಿಟ್ಟ, ಆಮೇಲೆ ಒಲೆಯ ಮುಂದೆ ಜರಡಿ ಹಿಡಿಯುವುದು ಬಿಟ್ಟ, ಕೊನೆಗೆ ಚೀಲದ ಬಾಯಿ ಹೊಲಿಯಲು ಕೂತ. ಮಂಡಕ್ಕಿ ಚೀಲ ಎಷ್ಟು ಹಗುರ ಎಂದು ನಮ್ಮೂರಿನ ಮಕ್ಕಳಿಗೂ ಗೊತ್ತು. ಅದನ್ನು ತಲೆಯ ಮಟ್ಟಕ್ಕೆ ಎತ್ತಲು ಅವನ ಕೈ ಮೇಲೆ ಹೋಗುತ್ತಿರಲಿಲ್ಲ. ನಾನು ಒಂದು ದಿನ ಭಟ್ಟಿಯ ಬಾಗಿಲಲ್ಲೇ ನಿಂತು, ಎಲ್ಲರೂ ಕೇಳುವ ಹಾಗೆ ಹೇಳಿದ್ದೆ:

"ತಲೆದಿಂಬಿನಷ್ಟು ಭಾರ ಇಲ್ಲ ಕಣಲೇ ಅದು. ಮಂಡಕ್ಕಿ ಎತ್ತಾಕಾಗದ ಗಂಡಸನ್ನ ನಾನು ಇವತ್ತೇ ನೋಡಿದ್ದು. ಮೈಗಳ್ಳ!"

ಭಟ್ಟಿಯವರು ನಕ್ಕರು. ಅಂದಿನಿಂದ ಅಲ್ಲಿ ಅವನ ಹೆಸರೇ ಮೈಗಳ್ಳ ಎಂದಾಯಿತು. ಅವನಿಗೂ ತಾನು ಮೈಗಳ್ಳನೇ ಇರಬೇಕು ಎಂಬ ಅನುಮಾನ ಇತ್ತೆಂದು ಆಮೇಲೆ ಹೇಳಿದ.

ಒಂದು ಮಧ್ಯಾಹ್ನ ನಾನು ಮರೆತು ಬಂದ ಬುತ್ತಿ ಕೊಡಲು ಅವನು ಪ್ರಯೋಗಾಲಯಕ್ಕೆ ಬಂದ. ನೆಲದ ಮೇಲೆ ಕೂತು ನನ್ನ ಜೊತೆ ಎರಡು ರೊಟ್ಟಿ ತಿಂದ. ಏಳುವಾಗ ಎಂದಿನಂತೆ ಮೊದಲು ಕೈ ನೆಲಕ್ಕೆ ಊರಿದ, ಆಮೇಲೆ ಮೊಣಕಾಲಿಗೆ, ಆಮೇಲೆ ತೊಡೆಗೆ, ತನ್ನ ಮೈಯನ್ನು ತಾನೇ ಏಣಿಯಂತೆ ಹತ್ತಿ ನಿಂತ. ಮೇಡಂ ಸೂಕ್ಷ್ಮದರ್ಶಕದಿಂದ ತಲೆ ಎತ್ತಿದ್ದರು.

"ಇವರು ಎಷ್ಟು ದಿನದಿಂದ ಹಿಂಗೆ ಏಳ್ತಾರೆ ಅಣ್ಣಾರೆ?"

"ಹುಟ್ಟಿದಾಗಿಂದ ರೀ. ಮೈಗಳ್ಳ ಅವನು."

ಅವರು ನನ್ನತ್ತ ನೋಡಲೇ ಇಲ್ಲ. ತಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಎದೆಯ ಮೇಲೆ ಕೈ ಕಟ್ಟಿಸಿ, ಕೈ ಬಳಸದೆ ಐದು ಸಲ ಎದ್ದು ಕೂರಲು ಹೇಳಿದರು. ಗಡಿಯಾರ ಒತ್ತಿದರು. ಇಪ್ಪತ್ತನಾಲ್ಕು ಸೆಕೆಂಡು. ಅವನ ವಯಸ್ಸಿನವರು ಹತ್ತರೊಳಗೆ ಮುಗಿಸುತ್ತಾರಂತೆ. ಎರಡು ವರ್ಷ ಒಂದೇ ಮನೆಯಲ್ಲಿ ಇದ್ದು ನನಗೆ ಕಾಣದ್ದು ಎರಡು ರೊಟ್ಟಿ ತಿಂದು ಏಳುವಷ್ಟರಲ್ಲಿ ಆಕೆಗೆ ಕಂಡಿತು.

ರಕ್ತ ಪರೀಕ್ಷೆಯಲ್ಲಿ ಸ್ನಾಯು ಒಡೆಯುತ್ತಿದೆ ಎಂದು ಬಂತು. ಎರಡು ಸಾಧ್ಯತೆ ಇದ್ದವು. ಒಂದು, ಹುಟ್ಟಿನಿಂದ ಬಂದ ದೋಷ, ಅದಕ್ಕೆ ಮಾತ್ರೆ ಇಲ್ಲ. ಇನ್ನೊಂದು, ಮೈಯ ಕಾವಲು ಪಡೆಯೇ ತಿರುಗಿ ಬಿದ್ದು ಸ್ನಾಯುವನ್ನು ತಿನ್ನುವ ಉರಿಯೂತ, ಅದಕ್ಕೆ ಮಾತ್ರೆ ಇದೆ, ಬೇಗ ಶುರು ಮಾಡಿದಷ್ಟೂ ಉಳಿಯುವ ಸ್ನಾಯು ಹೆಚ್ಚು. ಯಾವುದು ಎಂದು ಹೇಳಬೇಕಾದದ್ದು ಆ ಶೇಂಗಾ ಬೀಜದಷ್ಟು ಮಾಂಸ.

ತುಣುಕು ತೆಗೆಯುವ ದಿನ ಆಸ್ಪತ್ರೆಯ ಆಪರೇಷನ್ ಕೋಣೆಯ ಪಕ್ಕದ ಸಣ್ಣ ಕೋಣೆಯಲ್ಲಿ ನಾನು ಕ್ಯಾನು, ಲೋಟ, ಚಿಮುಟ ಇಟ್ಟುಕೊಂಡು ಸಿದ್ಧನಾಗಿದ್ದೆ. ಮೇಡಂ ಒಳಗೆ ಡಾಕ್ಟರ ಬಳಿ ಇದ್ದರು. ತಮ್ಮನಿಗೆ ತೊಡೆ ಮಾತ್ರ ಮರಗಟ್ಟಿಸಿದ್ದರು, ಎಚ್ಚರ ಇದ್ದ. ಲೋಟ ಇಳಿಸಿ ಎರಡು ನಿಮಿಷ ಆಗಿರಬೇಕು, ಒಳಗಿನಿಂದ ಅವನ ಕೂಗು ಕೇಳಿತು.

"ಅಣ್ಣಾ! ಅಣ್ಣಾ ಎಲ್ಲಿದೀಯಾ?"

ಈ ಕಥೆಯನ್ನು ನಮ್ಮ ಸಂಬಂಧಿಕರಿಗೆ ಹೇಳುವಾಗ, ತಮ್ಮ ಕೂಗಿದ ಎಂದು ಕರುಳು ಕಿತ್ತು ಬಂದು ಓಡಿದೆ ಎಂದು ಹೇಳಿದ್ದೇನೆ. ಸುಳ್ಳು. ನಾನು ಹೋದದ್ದು ಬೈಯಲು. ಅಲ್ಲಿಯ ನರ್ಸುಗಳ ಮುಂದೆ ಮಾನ ಹೋಗುತ್ತಿದೆ ಎಂದು ಬಾಗಿಲು ಸರಿಸಿ, "ಎಮ್ಮೆ ಹಂಗೆ ಕೂಗಬ್ಯಾಡ ಲೇ. ಇಂಜೆಕ್ಷನ್ ಕೊಟ್ಟರೆ ನಮ್ಮ ಕರುನೂ ನಿನಗಿಂತ ಸುಮ್ಮನಿರ್ತೈತೆ" ಎಂದೆ. ಒಬ್ಬ ನರ್ಸ್ ನಕ್ಕಳು. ಆ ನಗು ಸಿಕ್ಕ ಮೇಲೆ ಇನ್ನೆರಡು ಮಾತು ಸೇರಿಸಿದೆ. ಎಷ್ಟು ಹೊತ್ತು ನಿಂತೆನೋ. ತಿರುಗಿ ಬಂದಾಗ ಲೋಟದಲ್ಲಿ ಮಣಿ ಇರಲಿಲ್ಲ. ಲೋಟವೇ ಒಂದು ಬಿಳಿ ಕಲ್ಲಾಗಿತ್ತು. ಕಡ್ಡಿ ಅದರೊಳಗೆ ಕಚ್ಚಿಕೊಂಡು ನಿಂತಿತ್ತು.

ಅದೇ ಹೊತ್ತಿಗೆ ಮೇಡಂ ಒದ್ದೆ ಬಟ್ಟೆಯ ಮೇಲೆ ತುಣುಕು ಇಟ್ಟ ತಟ್ಟೆ ತಂದು ಕೈಗೆ ಕೊಟ್ಟರು. "ಅದ್ದಿಬಿಡ್ರಿ ಅಣ್ಣಾರೆ, ಇನ್ನೊಂದು ಚೂರು ತೆಗೀತಿದಾರೆ, ಬಂದೆ" ಎಂದು ಒಳಗೆ ಹೋದರು.

"ಮೇಡಂ, ಲೋಟ ಕಲ್ಲಾಗೈತೆ, ಐದು ನಿಮಿಷ ತಡೀರಿ" ಎಂದರೆ ಮುಗಿಯುತ್ತಿತ್ತು. ತುಣುಕು ಒದ್ದೆ ಬಟ್ಟೆಯಲ್ಲಿ ಐದು ನಿಮಿಷ ಕಾಯುತ್ತಿತ್ತು. ಅವರು ಬೈಯುವವರೂ ಅಲ್ಲ. ಆದರೆ ನನ್ನ ಪಾಂಡಿತ್ಯ ಬಿಡಬೇಕಲ್ಲ. ಲೋಟ ಇರುವುದೇ ನೂರಾ ಅರವತ್ತಕ್ಕೆ, ನೈಟ್ರೋಜನ್ ನೂರಾ ತೊಂಬತ್ತಾರು, ಜಾಸ್ತಿ ಚಳಿ ಒಳ್ಳೇದೇ ತಾನೇ ಎಂದುಕೊಂಡೆ. ಚಿಮುಟದಲ್ಲಿ ಹಿಡಿದು ಸೀದಾ ಕ್ಯಾನಿಗೆ ಇಳಿಸಿದೆ. ಚುಂಯ್ ಎಂದಿತು. ಸುತ್ತ ನೊರೆಯಂತೆ ಗುಳ್ಳೆ ಎದ್ದು, ಚಿಮುಟ ಬೆರಳಲ್ಲಿ ನಡುಗಿತು. ಕಾವಲಿಯ ಮೇಲಿನ ಹನಿ ಕುಣಿದ ಹಾಗೇ. ನೋಡುತ್ತಲೇ ಹದಿನೈದು ಎಣಿಸಿದೆ.

ಎರಡನೆಯ ಚೂರನ್ನು ಔಷಧಿ ನೀರಿನ ಬಾಟಲಿಗೆ ಹಾಕಿದರು. ಅದರಲ್ಲಿ ಬಂದಿದ್ದು ಬಹುಪಾಲು ಕೊಬ್ಬು, ನೋಡಲು ಏನೂ ಇರಲಿಲ್ಲ.

ಮರುದಿನ ಮೇಡಂ ನಾನು ಅದ್ದಿದ ತುಣುಕನ್ನು ಸೀಳಿ, ಬಣ್ಣ ಹಾಕಿ, ನೋಡಿದರು. ಬಹಳ ಹೊತ್ತು ನೋಡಿದರು.

"ಅಣ್ಣಾರೆ, ಅದ್ದೋ ಮುಂಚೆ ಮಣಿ ನೋಡಿದ್ರಾ?"

"ನೋಡಿದೆ ಮೇಡಂ."

"ಸಾಬೂದಾನಿ ಹಂಗೆ ಇದ್ವಾ, ಇನ್ನೂ ಸಣ್ಣಕ್ಕಿದ್ವಾ?"

"ಸಾಬೂದಾನಿ ಹಂಗೇ."

"ಲೋಟದಾಗೇ ಅದ್ದಿದ್ರಿ ಅಲ್ವಾ?"

"ಇನ್ನೆಲ್ಲಿ ಅದ್ದಲಿ ರೀ? ನಂದೇ ತಮ್ಮ ಅವನು."

ಮೂರು ಸಲ ಬಾಗಿಲು ತೆರೆದು ನಿಂತರು, ಮೂರು ಸಲವೂ ನಾನೇ ಮುಚ್ಚಿದೆ. ಕೊನೆಯದಕ್ಕಂತೂ ತಮ್ಮನನ್ನೇ ಅಗುಳಿ ಮಾಡಿ ಹಾಕಿದೆ.

ಎಳೆಗಳ ತುಂಬ ತೂತುಗಳಿದ್ದವು. ಸ್ನಾಯುವಿನೊಳಗೆ ಹೀಗೆ ತೂತು ಬೀಳುವ ಕೆಲವು ಹುಟ್ಟು ಕಾಯಿಲೆಗಳೂ ಇವೆಯಂತೆ. ಚಿತ್ರಗಳನ್ನು ಮೇಡಂ ಹಿರಿಯ ಡಾಕ್ಟರ ಬಳಿ ಒಯ್ದಾಗ ಕ್ಯಾನು ಹೊತ್ತುಕೊಂಡು ನಾನೂ ಬಾಗಿಲಲ್ಲಿ ನಿಂತಿದ್ದೆ. ಆ ಮಹಾನುಭಾವರು ತಮ್ಮನ ತೊಡೆಯನ್ನು ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ. ಮೊಬೈಲಿನಲ್ಲಿ ಚಿತ್ರ ನೋಡಿ, ನಡುವೆ ಬಂದ ಎರಡು ಫೋನಿಗೆ ಉತ್ತರ ಕೊಟ್ಟು, "ಹೆಪ್ಪುಗಟ್ಟಿಸುವಾಗ ಕೆಟ್ಟಿರಬಹುದಲ್ಲ?" ಎಂದರು. ಅವರನ್ನು ಎಷ್ಟು ಬೈದುಕೊಂಡರೂ ಕೇಳಬೇಕಾದ ಪ್ರಶ್ನೆಯನ್ನು ಅವರು ಕೇಳಿದ್ದರು.

"ಇಲ್ಲ ಸಾರ್," ಎಂದರು ಮೇಡಂ. "ನಮ್ಮ ಅಣ್ಣಾರು ಇಪ್ಪತ್ತೆರಡು ಮಾಡಿದಾರೆ, ಒಂದೂ ಕೆಟ್ಟಿಲ್ಲ. ಇದು ಅವರ ಸ್ವಂತ ತಮ್ಮಂದು."

ನಾನು ಕ್ಯಾನಿನ ಹಿಡಿಕೆ ನೋಡುತ್ತ ನಿಂತಿದ್ದೆ.

ಹುಟ್ಟು ಕಾಯಿಲೆ ಇರಬೇಕು, ಬೆಂಗಳೂರಿಗೆ ರಕ್ತ ಕಳಿಸೋಣ, ವರದಿ ಬರಲು ತಿಂಗಳುಗಳು ಬೇಕು, ಅಲ್ಲಿಯವರೆಗೆ ಉರಿಯೂತಕ್ಕೆ ಕೊಡುವ ಸ್ಟಿರಾಯ್ಡ್ ಮಾತ್ರೆ ಬೇಡ, ಅದರಿಂದ ಇರುವ ಸ್ನಾಯುವೂ ಸೊರಗುತ್ತದೆ ಎಂದು ತೀರ್ಮಾನವಾಯಿತು. ತಮ್ಮ ಕೇಳಿಸಿಕೊಂಡು, "ಹಂಗಾದ್ರೆ ನಾನು ಮೈಗಳ್ಳ ಅಲ್ಲ ಅಂತಾಯ್ತು" ಎಂದ. ಅವನಿಗೆ ಸಿಕ್ಕ ಔಷಧಿ ಅದೊಂದೇ. ಮಾಳಿಗೆಯ ಹನ್ನೊಂದು ಮೆಟ್ಟಿಲು ಹತ್ತಲು ಆಗುವುದಿಲ್ಲವೆಂದು ಹೆಂಡತಿಯ ತವರು ಕಡರನಾಯಕನಹಳ್ಳಿಗೆ ಹೋದ. ಸಂಬಂಧಿಕರು ಒಬ್ಬೊಬ್ಬರಾಗಿ ಹೋಗಿ ಅವನ ಕಾಲಿಗೆ ಎಣ್ಣೆ ತಿಕ್ಕಿ, ಬಾಯಿಗೆ ಸಲಹೆ ತುರುಕಿ ಬಂದರು. ಎಲ್ಲರಿಗಿಂತ ಹೆಚ್ಚು ಎಣ್ಣೆ ಒಯ್ದವನು ನಾನು.

ಇಷ್ಟು ದಿನ ನಾನು ನನಗೆ ಒಂದು ಸಮಾಧಾನ ಹೇಳಿಕೊಂಡಿದ್ದೆ. ಕಾಯಿಲೆಯಿಂದಲೇ ತೂತು ಬಿದ್ದಿರಬಹುದು, ನಾನು ಅದ್ದಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲದಿರಬಹುದು. ಇದನ್ನು ದಿನಕ್ಕೆ ಎರಡು ಹೊತ್ತು ಮಾತ್ರೆಯಂತೆ ನುಂಗುತ್ತಿದ್ದೆ. ಸುಮಾರು ಒಂದು ತಿಂಗಳಾದ ಮೇಲೆ ಮೇಡಂ ಬಳಿ ಇಬ್ಬರು ವಿದ್ಯಾರ್ಥಿನಿಯರು ಕಲಿಯಲು ಬಂದರು. ಆಗತಾನೇ ಕೊಯ್ದ ಆಡಿನ ಮಾಂಸ ತರಲು ನನ್ನನ್ನೇ ಕಳಿಸಿದರು. ತಂದೆ. ಅದನ್ನು ಎರಡು ಚೂರು ಮಾಡಿ, ಒಂದನ್ನು ಕ್ರಮದಂತೆ ಲೋಟದಲ್ಲಿ ಅದ್ದಿಸಿದರು. ಇನ್ನೊಂದನ್ನು "ತಪ್ಪು ಮಾಡಿದ್ರೆ ಏನಾಗ್ತೈತೆ ಅಂತ ನೋಡ್ರಿ" ಎಂದು ಸೀದಾ ನೈಟ್ರೋಜನ್ನಿಗೆ ಹಾಕಿದರು. ಚುಂಯ್ ಎಂದಿತು. ಆ ಸದ್ದು ನನಗೆ ಹೊಸದಲ್ಲ.

ಸೀಳಿ ಬಣ್ಣ ಹಾಕಿದ ಮೇಲೆ ಹುಡುಗಿಯರು ನೋಡಿದರು. "ಅಣ್ಣಾರೆ, ನೀವೂ ಬರ್ರಿ" ಎಂದರು ಮೇಡಂ. ಮೊದಲನೆಯ ಚೂರಿನಲ್ಲಿ ಎಳೆಗಳು ಹಾಸುಗಲ್ಲಿನಂತೆ ಒಂದಕ್ಕೊಂದು ಒತ್ತಿ ಕೂತಿದ್ದವು. ಎರಡನೆಯದರಲ್ಲಿ ಒಂದೊಂದು ಎಳೆಯೂ ಒಳಗೆ ಪೊಳ್ಳಾಗಿ ಅರಳಿತ್ತು. ಮಂಡಕ್ಕಿ ಕಾಳನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಹೇಗಿರುತ್ತದೋ ಹಾಗೆ. ಇದೇ ಮಂಡಕ್ಕಿಯನ್ನು ನಾನು ಒಂದು ತಿಂಗಳ ಹಿಂದೆ, ಹಿರಿಯ ಡಾಕ್ಟರ ಮೊಬೈಲಿನಲ್ಲಿ ದೂರದಿಂದ ನೋಡಿದ್ದೆ. ಆರೋಗ್ಯವಾಗಿದ್ದ ಆಡಿಗೆ ನನ್ನ ತಮ್ಮನ ಕಾಯಿಲೆ ಅರ್ಧ ನಿಮಿಷದಲ್ಲಿ ಬಂದಿತ್ತು.

ಆಗಲಾದರೂ ಬಾಯಿ ಬಿಟ್ಟೆನೇ? ಇಲ್ಲ. ಅದಾದ ಮೇಲೆ ಹನ್ನೊಂದು ದಿನ ಸುಮ್ಮನಿದ್ದೆ. ಸೀದಾ ಅದ್ದಿದ್ದನ್ನು ಬೇಕಾದರೆ ಅಹಂಕಾರ ಅನ್ನಿ, ಗಡಿಬಿಡಿ ಅನ್ನಿ, ಆ ಹನ್ನೊಂದು ದಿನಕ್ಕೆ ಯಾವ ಹೆಸರು ಕೊಡುತ್ತೀರಿ? ಪಂಡಿತ ಎಂಬ ಪಟ್ಟ ಹೋಗುತ್ತದೆ ಎಂಬ ಒಂದೇ ಕಾರಣ. ಆ ಪಟ್ಟ ಕೊಟ್ಟವರು ಯಾರು? ಗೋದಾಮಿನ ಮೂವರು, ಅದೂ ತಮಾಷೆಗೆ.

ಹನ್ನೆರಡನೆಯ ದಿನ ಕ್ಯಾನಿನ ಗಾಡಿ ಕಡರನಾಯಕನಹಳ್ಳಿಯ ದಾರಿಯಲ್ಲಿ ಹೋಗುತ್ತಿತ್ತು. ಮನೆಯ ಮುಂದೆ ತಮ್ಮ ನಲ್ಲಿಯ ಹತ್ತಿರ ನೆಲಕ್ಕೆ ಕೂತಿದ್ದ, ಏಳಲು ಆಗುತ್ತಿರಲಿಲ್ಲ. ಹೆಂಡತಿ ಹಿಂದಿನಿಂದ ಕಂಕುಳಿಗೆ ಕೈ ಹಾಕಿ ಎತ್ತುತ್ತಿದ್ದಳು. ಅವನು ನಮ್ಮ ಗಾಡಿ ನೋಡಿ, ನಾನು ಬೈಯುತ್ತೇನೆಂದು, ಅವಳ ಕೈ ಬಿಡಿಸಿಕೊಂಡು ತಾನೇ ಏಳಲು ಹೋದ. ಬಿದ್ದ. ಬಿದ್ದಲ್ಲಿಂದಲೇ ನನ್ನ ಕಡೆ ಕೈ ಎತ್ತಿ, "ಏನಿಲ್ಲ ಅಣ್ಣ, ಜಾರ್ತು, ನೀನು ಹೋಗು" ಎಂದ.

ನಾನು ಗಾಡಿ ನಿಲ್ಲಿಸಲಿಲ್ಲ. ಇಳಿದರೆ ಅಲ್ಲೇ ಅತ್ತು, ಅವನಿಂದಲೇ ಸಮಾಧಾನ ಮಾಡಿಸಿಕೊಂಡು, ಮತ್ತೆ ಹೇಳದೆ ಬರುತ್ತಿದ್ದೆ ಎಂದು ನನ್ನ ಬಗ್ಗೆ ನನಗೆ ಚೆನ್ನಾಗಿ ಗೊತ್ತಿತ್ತು. ಕ್ಯಾನುಗಳನ್ನು ಇಳಿಸಿ ಸೀದಾ ಕೆ.ಬಿ. ಬಡಾವಣೆಗೆ ಹೋದೆ.

"ಮೇಡಂ, ತಮ್ಮಂದು ನಾನು ಲೋಟದಾಗೆ ಅದ್ದಲಿಲ್ಲ. ಲೋಟ ಕಲ್ಲಾಗಿತ್ತು. ಸೀದಾ ಹಾಕಿದೆ."

ಅವರು ಕೈಗವಸು ಬಿಚ್ಚಿದರು. ಒಂದೊಂದೇ ಬೆರಳು ಎಳೆದು, ಬಹಳ ನಿಧಾನವಾಗಿ.

"ನಾನು ಮೂರು ಸಲ ಕೇಳಿದೆ ಅಣ್ಣಾರೆ."

"ಕೇಳಿದ್ರಿ."

"ನಾಲ್ಕನೇ ಸಲ ಕೇಳಬೇಕಾಗಿತ್ತು. ನಿಮ್ಮ ತಮ್ಮ ಅಂದ್ರಲ್ಲ, ನಾಚಿಕೆ ಆಗಿ ಸುಮ್ಮನಾದೆ." ಆಮೇಲೆ, "ಹೆಪ್ಪುಗಟ್ಟಿದ್ದನ್ನ ಕಾಯೋದು ನಿಮಗೆ ಗೊತ್ತಿತ್ತು. ಹೆಪ್ಪುಗಟ್ಟಿಸೋದು ಗೊತ್ತಿರಲಿಲ್ಲ. ನಿಮ್ಮ ಕಡ್ಡಿಗಳು ನಿಮ್ಮ ಕೈಗೆ ಬರೋವಾಗ್ಲೇ ಹೆಪ್ಪುಗಟ್ಟಿ ಬಂದಿರ್ತಾವೆ" ಎಂದರು.

ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಇದು ನನ್ನ ತಲೆಗೆ ಹೊಳೆದಿರಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಅವರು ಆಗಲೇ ಫೋನು ಹಿಡಿದು ಡಾಕ್ಟರ ಜೊತೆ ಎರಡನೆಯ ಕೊಯ್ತಕ್ಕೆ ದಿನ ಕೇಳುತ್ತಿದ್ದರು. ನನ್ನನ್ನು ಹೆಪ್ಪುಗಟ್ಟಿಸುವ ಕೆಲಸದಿಂದ ತೆಗೆದರು. ಕ್ಯಾನು ತರುವುದು, ಕೋಲು ಇಳಿಸಿ ನೋಡುವುದು, ಅಷ್ಟಕ್ಕೇ ಇರಿ ಎಂದರು. ಸರಿಯಾದ ಜಾಗ.

ತಮ್ಮನಿಗೆ ನಾನೇ ಹೇಳಬೇಕು ಎಂದು ತಾಕೀತು ಮಾಡಿದ್ದರು. ಮರುದಿನ ಹೋಗಿ, ಅವನು ಕೂತ ಕಟ್ಟೆಯ ಕೆಳಗೆ ಕೂತು, ಮೊದಲಿನಿಂದ ಹೇಳಿದೆ. ನರ್ಸನ್ನು ನಗಿಸಿದ್ದನ್ನೂ ಹೇಳಿದೆ. ಅವನು ಕೇಳುತ್ತ ತೊಡೆಯ ಮೇಲಿನ ಹೊಲಿಗೆಯ ಗುರುತನ್ನು ಬಟ್ಟೆಯ ಮೇಲಿಂದಲೇ ಸವರುತ್ತಿದ್ದ.

"ಲೋಟ ಕರಗಿಸಿ ಮತ್ತೆ ಮಾಡಾಕೆ ಎಷ್ಟು ಹೊತ್ತು ಬೇಕಾಗಿತ್ತು?"

"ಐದು ನಿಮಿಷ."

"ಐದು ನಿಮಿಷದ ಕೆಲಸ." ಅವನು ತಲೆ ಆಡಿಸಿದ. "ಭಟ್ಟಿ ಬಾಗಿಲಾಗೆ ನಿಂತು ನನ್ನ ಮೈಗಳ್ಳ ಅಂದಿದ್ಯಲ್ಲ. ಈಗ ಹೇಳು, ನಮ್ಮಪ್ಪನ ಮಕ್ಕಳಾಗೆ ಮೈಗಳ್ಳ ಯಾರು?"

ಉತ್ತರಕ್ಕೆ ಅವನು ಕಾಯುತ್ತಿದ್ದ. ನಿಜವಾಗಿ ಕಾಯುತ್ತಿದ್ದ.

"ನಾನು" ಎಂದೆ.

"ಭಟ್ಟಿಗೆ ಹೋಗಿ ಹೇಳಿ ಬಾ."

ಹೋಗಿ ಹೇಳಿ ಬಂದೆ. ಒಲೆಯ ಮುಂದೆ ಇದ್ದವರಿಗೆ ಅರ್ಧ ಅರ್ಥವಾಯಿತು. ಒಬ್ಬ, "ಆಯ್ತು ಬಿಡ್ರಿ, ಮಂಡಕ್ಕಿ ತಗಳ್ರಿ" ಎಂದು ಕಾಗದದಲ್ಲಿ ಬಿಸಿ ಮಂಡಕ್ಕಿ ಸುರಿದು ಕೊಟ್ಟ. ತಿನ್ನಲು ಆಗಲಿಲ್ಲ.

ಎರಡನೆಯ ಕೊಯ್ತ ಇನ್ನೊಂದು ತೊಡೆಗೆ. ಅದಕ್ಕೂ ಮೊದಲು ಮೇಡಂ ಮತ್ತೆ ಕುರ್ಚಿಯ ಪರೀಕ್ಷೆ ಮಾಡಿದರು. ತಮ್ಮ ಎರಡು ಸಲ ಎದ್ದ, ಮೂರನೆಯದಕ್ಕೆ ಆಗಲಿಲ್ಲ. ಗಡಿಯಾರ ಸುಮ್ಮನೆ ಓಡುತ್ತಿತ್ತು, ಅವರೇ ನಿಲ್ಲಿಸಿದರು. ಈ ಸಲ ಲೋಟದ ಮುಂದೆ ವಿದ್ಯಾರ್ಥಿನಿಯರಲ್ಲಿ ಒಬ್ಬಳು ಇದ್ದಳು. ನಾನು ಕೋಲು ಹಿಡಿದು ಮೂಲೆಯಲ್ಲಿ. ಒಳಗಿನಿಂದ ತಮ್ಮ ಕೂಗಲಿಲ್ಲ. ಕೂಗಿದ್ದರೆ ಈ ಸಲ ಏನು ಮಾಡುತ್ತಿದ್ದೆ ಎಂದು ನನಗೆ ಗೊತ್ತಿಲ್ಲ. "ಮಣಿ ಬಂತು" ಎಂದು ಅವಳು ಹೇಳಿದಾಗ ಬಗ್ಗಿ ನೋಡಿದೆ. ಬಂದಿದ್ದವು. ತುಣುಕು ಸದ್ದಿಲ್ಲದೆ ಮುಳುಗಿತು.

ಎರಡು ದಿನಕ್ಕೆ ಮೇಡಂ ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ತೂತುಗಳಿರಲಿಲ್ಲ. ಎಳೆಗಳ ನಡುವೆ ಸಣ್ಣ ನೀಲಿ ಚುಕ್ಕೆಗಳು ಬೆಲ್ಲಕ್ಕೆ ಇರುವೆ ಮುತ್ತಿದಂತೆ ಮುತ್ತಿದ್ದವು. ಅದೇ ತಿರುಗಿ ಬಿದ್ದ ಕಾವಲು ಪಡೆ. ಮಾತ್ರೆ ಇರುವ ಕಾಯಿಲೆ. ಮೊದಲ ದಿನದಿಂದಲೂ ಮಾತ್ರೆ ಇದ್ದ ಕಾಯಿಲೆ.

"ಇಲ್ಲಿ ನೋಡ್ರಿ," ಎಂದು ಒಂದು ಕಡೆ ತೋರಿಸಿದರು. ತೆಳ್ಳನೆಯ ಕೆಲವು ಎಳೆಗಳ ನಟ್ಟನಡುವೆ ಒಂದೊಂದು ಚುಕ್ಕೆ ಇತ್ತು. "ಇವು ಹೊಸದಾಗಿ ಹುಟ್ಟಿದ ಎಳೆ. ರಿಪೇರಿ ನಡೆದೈತೆ. ಹರೀತೈತೆ, ಕಟ್ತೈತೆ, ಮತ್ತೆ ಹರೀತೈತೆ. ನಿಮ್ಮ ತಮ್ಮ ಸುಮ್ಮನೆ ಕೂತಿದ್ರು ಅಂತೀರಲ್ಲ, ಅವರ ಮೈ ಎರಡು ವರ್ಷದಿಂದ ಒಂದು ಗಳಿಗೆ ಸುಮ್ಮನೆ ಕೂತಿಲ್ಲ."

ಸುತ್ತ ಅಲ್ಲಲ್ಲಿ ಬಿಳಿ ಪ್ರದೇಶಗಳಿದ್ದವು. ಅದೇನು ಎಂದು ಕೇಳಿದೆ. ಸ್ನಾಯು ಸತ್ತು ಕೊಬ್ಬಾದ ಜಾಗ, ಅದು ಮತ್ತೆ ಸ್ನಾಯು ಆಗುವುದಿಲ್ಲ ಎಂದರು. ಅದರಲ್ಲಿ ಎಷ್ಟು ಮೊದಲೇ ಆಗಿದ್ದು, ಎಷ್ಟು ನಾನು ಕಳೆದ ಆ ಐವತ್ತು ಚಿಲ್ಲರೆ ದಿನಗಳಲ್ಲಿ ಆಗಿದ್ದು ಎಂದು ಕೇಳಿದೆ. ಅದನ್ನು ಯಾರೂ ಹೇಳಲು ಬರುವುದಿಲ್ಲ ಎಂದರು.

ಮಾತ್ರೆ ಶುರುವಾಯಿತು. ತಮ್ಮನ ಮುಖ ಊದಿತು, ಸಕ್ಕರೆ ಏರಿತು, ಸಿಡುಕು ಬಂತು, ಆಮೇಲೆ ನಿಧಾನವಾಗಿ ಕಾಲು ಬಂತು. ಸಂಬಂಧಿಕರು ಎಣ್ಣೆಯಿಂದಲೇ ಗುಣವಾಯಿತು ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ. ತಿರುಗಲಿ. ಇನ್ನು ಕೆಲವರು, ಕೊನೆಗೂ ಸರಿಹೋಯಿತಲ್ಲ, ನೀನೇ ಹೇಳಿದ್ದರಿಂದ ತಾನೇ ಎಂದು ನನ್ನ ಬೆನ್ನು ತಟ್ಟುತ್ತಾರೆ. ಬೆಂಕಿ ಹಚ್ಚಿದವನು ಹನ್ನೊಂದು ದಿನ ಬಿಟ್ಟು ನೀರು ತಂದರೆ ಹಾರ ಹಾಕುವ ಜನ ಇವರು.

ಆರು ತಿಂಗಳಿಗೆ ತಮ್ಮನನ್ನು ಪರೀಕ್ಷೆಗೆ ಕರೆಸಿದರು. ಹರಿಹರದಿಂದ ಬಸ್ಸಿನಲ್ಲಿ ಒಬ್ಬನೇ ಬಂದ, ಬಸ್ಸಿನ ಮೆಟ್ಟಿಲನ್ನು ಕಂಬಿ ಹಿಡಿದು ತಾನೇ ಇಳಿದ. ಅದೇ ಕುರ್ಚಿಯಲ್ಲಿ ಕೂತ, ಎದೆಯ ಮೇಲೆ ಕೈ ಕಟ್ಟಿದ. ಮೇಡಂ ಪುಸ್ತಕ ತೆಗೆದು, ಗಡಿಯಾರವನ್ನು ನನ್ನ ಕೈಗೆ ಕೊಟ್ಟರು. ಯಾಕೆ ಕೊಟ್ಟರೋ, ಕೇಳಲಿಲ್ಲ.

"ಸರಿಯಾಗಿ ಹಿಡೀತೀಯಾ?" ಎಂದ ತಮ್ಮ.

"ಹಿಡೀತೀನಿ."

ಎದ್ದ, ಕೂತ. ನಾಲ್ಕನೆಯದಕ್ಕೆ ತುಟಿ ಕಚ್ಚಿದ. ಐದನೆಯದಕ್ಕೆ ಅರ್ಧ ಎದ್ದು ಗಾಳಿಯಲ್ಲಿ ಒಂದು ಕ್ಷಣ ನಿಂತ, ಆಮೇಲೆ ಪೂರ್ತಿ ಎದ್ದ. ನಾನು ಒತ್ತಿದೆ.

"ಎಷ್ಟು?"

"ಇಪ್ಪತ್ತಾರು."

"ಮೊದಲನೇ ಸಲ ಎಷ್ಟಿತ್ತು?"

ಅವನಿಗೂ ಗೊತ್ತಿತ್ತು, ಮೇಡಂಗೂ ಗೊತ್ತಿತ್ತು. ಆದರೂ ನನ್ನ ಬಾಯಿಂದಲೇ ಬರಬೇಕಿತ್ತು.

"ಇಪ್ಪತ್ತನಾಲ್ಕು."

ತಮ್ಮ ಅಂಗಿಯ ತೋಳಿನಿಂದ ಹಣೆ ಒರೆಸಿಕೊಂಡ. "ಆ ಎರಡು ಸೆಕೆಂಡು ನಿಂದು. ನೀನೇ ಇಟ್ಕ."

ಮೇಡಂ ಏನೂ ಕೇಳಿಸದವರಂತೆ ಪುಸ್ತಕದಲ್ಲಿ ಇಪ್ಪತ್ತಾರು ಎಂದು ಬರೆದುಕೊಂಡರು.